ಹುಬ್ಬಳ್ಳಿ–ಧಾರವಾಡದ ಆಡುಮಾತಿಗೆ ಅರ್ಥ ಬರೆಯೋಣ: ಯಾರು, ಯಾರಿಗೆ, ಯಾವ ದನಿಯಲ್ಲಿ? (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಉಣಕಲ್ ದಂಡೆ

ನಾನು ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ‘ಖರೆ’ ಎಂದರೇನು ಎಂದು ಕೇಳಿದ. ಅವನ ಮನೆಯವರು ಮೈಸೂರಿನ ಕಡೆಯವರು, ತಂದೆಯ ರೈಲ್ವೆ ನೌಕರಿಯ ನಿಮಿತ್ತ ಇಲ್ಲಿಗೆ ಬಂದವರು. ‘ಖರೆ ಎಂದರೆ ನಿಜ’ ಎಂದು ಹೇಳಿ ನಾನು ಪಾಠಕ್ಕೆ ಹೊರಳಿದೆ. ಹುಡುಗ ಕುಳಿತುಕೊಳ್ಳಲಿಲ್ಲ. ಹಿಂದಿನ ದಿನ ಗೆಳೆಯನೊಬ್ಬ ಅವನಿಗೆ ‘ಆಡಾಕ ಬರ್ತೀನಿ ಖರೆ, ಬ್ಯಾಟ್ ಕೊಡಂಗಿಲ್ಲ’ ಎಂದಿದ್ದನಂತೆ. ‘ಅಲ್ಲಿ ನಿಜ ಎಂದು ಇಟ್ಟು ಓದಿದರೆ ಬ್ಯಾಟಿನ ಮಾತು ಯಾಕೆ ಬಂತು ಎಂದು ತಿಳಿಯುವುದಿಲ್ಲ ಸರ್’ ಎಂದ. ಅವನ ಮಾತು ಸರಿಯಾಗಿತ್ತು. ದಿನಕ್ಕೆ ಐವತ್ತು ಸಲ ನಾನೇ ಆಡುವ ಪದಕ್ಕೆ ನನ್ನಲ್ಲಿ ಅರ್ಥವಿರಲಿಲ್ಲ. ಮನೆಗೆ ಬಂದು ಬರೆದುಕೊಂಡದ್ದು ಇದು:

ಖರೆ: ಮರಾಠಿಯ ‘ಖರಾ’ದಿಂದ ಬಂದು ನಮ್ಮಲ್ಲೇ ಮನೆ ಮಾಡಿದ ಪದ. ಒಂಟಿಯಾಗಿ ನಿಂತರೆ ಸತ್ಯ, ‘ಖರೇನ?’ ಎಂದು ಎಳೆದರೆ ಸಂಶಯ. ವಾಕ್ಯದ ನಡುವೆ ನಿಂತರೆ ಅದರ ಹಿಂದಿರುವುದು ಒಪ್ಪಿಗೆ, ಮುಂದಿರುವುದು ಕರಾರು. ಸಾಲ ಕೇಳಲು ಹೋದವನು ‘ಕೊಡ್ತೀನಿ’ ಎಂಬ ಮಾತಿಗೆ ಹಿಗ್ಗಬಾರದು. ಬೆನ್ನಿಗೆ ‘ಖರೆ’ ಬರುತ್ತದೆಯೋ ಇಲ್ಲವೋ ಎಂದು ಒಂದು ಕ್ಷಣ ಕಾಯಬೇಕು.

1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ನಮ್ಮ ಕಡೆಯ ಪದಗಳಿಗೆ ‘ದಕ್ಷಿಣ ಮರಾಠಾ ಸೀಮೆ’ ಎಂಬ ಗುರುತೂ ಮೈಸೂರಿನ ಪದಗಳಿಗೆ ಮೈಸೂರಿನ ಗುರುತೂ ಇವೆ. ಒಂದು ಪದವನ್ನು ಎಲ್ಲಿ ಆಡುತ್ತಾರೆ ಎಂಬುದನ್ನು ಅವರು ಶ್ರದ್ಧೆಯಿಂದ ದಾಖಲಿಸಿದರು. ಯಾರು ಯಾರಿಗೆ ಆಡುತ್ತಾರೆ, ಯಾರಿಗೆ ಆಡಿದರೆ ಏಟು ಬೀಳುತ್ತದೆ ಎಂಬುದನ್ನು ಬರೆಯುವ ಕೆಲಸ ನಮ್ಮದು. ಇದನ್ನು ನಾನು ಆಟಕ್ಕೆಂದು ಹೇಳುತ್ತಿಲ್ಲ. ಪರದೆಯ ಮೇಲೆ ಒಬ್ಬನನ್ನು ನಮ್ಮ ಕಡೆಯವನೆಂದು ತೋರಿಸಬೇಕಾದಾಗಲೆಲ್ಲ ಅವನಿಗೆ ದೊಡ್ಡ ಮೀಸೆಯನ್ನೂ ದೊಡ್ಡ ಗಂಟಲನ್ನೂ ಎರಡು ಮಾತಿಗೊಂದು ‘ಲೇ ಮಗನ’ವನ್ನೂ ಕೊಟ್ಟು ಕಳುಹಿಸುತ್ತಾರೆ, ಮತ್ತು ನಮ್ಮ ಮಕ್ಕಳೇ ಅದನ್ನು ನೋಡಿ ನಮ್ಮ ಮಾತೆಂದರೆ ಕೂಗಾಟ ಎಂದು ಕಲಿಯುತ್ತಿದ್ದಾರೆ. ಹಳೆಯ ಪದಗಳ ಜೊತೆಗೆ ಸಿನೆಮಾದಿಂದಲೂ ಮೊಬೈಲಿನಿಂದಲೂ ಬಂದ ಪದಗಳಿಗೆ ನಮ್ಮ ಊರಿನಲ್ಲಿ ಹುಟ್ಟಿದ ಅರ್ಥವನ್ನೂ ಬರೆಯಿರಿ. ಇನ್ನೊಂದನ್ನು ನಾನೇ ಇಡುತ್ತೇನೆ.

ಲೇ: ಪ್ರೀತಿಯ ಸಂಬೋಧನೆ. ‘ರೀ’ ಎನ್ನುತ್ತಿದ್ದವನು ‘ಲೇ’ಗೆ ಇಳಿದ ದಿನ ಗೆಳೆತನ ಆರಂಭವಾಯಿತೆಂದು ತಿಳಿಯಬೇಕು.

ನವನಗರ ದಾಟೇನಿ

ಹದಿನಾಲ್ಕು ವರ್ಷಗಳಿಂದ ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇಟ್ಟುಕೊಂಡು ಓಡಾಡುತ್ತಿರುವ ನಾನು ಈ ಎರಡು ಮಾತುಗಳಿಗೆ ಅರ್ಥ ಬರೆಯುವ ಅಧಿಕಾರ ನನಗಿದೆ ಎಂದು ಭಾವಿಸುತ್ತೇನೆ.

ಹೊಂಟೇನಿ: ಹೊರಡಬೇಕೆಂಬ ಸಂಕಲ್ಪ. ಸ್ನಾನ, ನಾಷ್ಟಾ, ಅಂಗಿ ಇಸ್ತ್ರಿ ಇವೆಲ್ಲ ಇದರ ನಂತರ ಬರುತ್ತವೆ.

ನವನಗರ ದಾಟೇನಿ: ಎರಡೂರಿನ ನಡುವೆ ಇರುವುದು ಸುಮಾರು 20 ಕಿಲೋಮೀಟರ್ ಮಾತ್ರ, ನವನಗರ ನಡುದಾರಿಯಲ್ಲಿದೆ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಬಸ್ ಕಾಯುತ್ತ ನಿಂತವನು ಫೋನಿನಲ್ಲಿ ಆಡುವ ಮಾತು. ಇದನ್ನು ಸುಳ್ಳೆಂದು ಕರೆಯಲು ನನಗೆ ಮನಸ್ಸಿಲ್ಲ. ಕಾಯುವವನ ಜೀವಕ್ಕೆ ಸಮಾಧಾನವಾಗಲಿ ಎಂದು ಅದನ್ನು ಆಡುತ್ತೇವೆ, ಕೇಳುವವನಿಗೂ ಅದು ಗೊತ್ತಿರುವುದರಿಂದ ಅವನೂ ಆಗಲೇ ಮನೆಯಿಂದ ಹೊರಬಿದ್ದಿರುವುದಿಲ್ಲ.

ಜೊತೆಗೆ ಒಂದು ಮೆಚ್ಚುಗೆ. ಎರಡೂರಿನ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಹವಾನಿಯಂತ್ರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟವರು ಯಾರೇ ಇರಲಿ, ಅವರಿಗೆ ಕೈ ಮುಗಿಯಬೇಕು. ‘ಜಿಂಕೆ’ ಎಂದು ಇಟ್ಟಿದ್ದರೆ ಅದು ಪಠ್ಯಪುಸ್ತಕದ ಬಸ್ ಆಗುತ್ತಿತ್ತು. ನಮ್ಮ ಎರೆಹೊಲದಲ್ಲಿ ಜಿಗಿಯುವ ಪ್ರಾಣಿಯ ಹೆಸರು ಬಸ್ಸಿನ ಹಣೆಯ ಮೇಲೆ ಬಂದದ್ದರಿಂದ ಅದು ನಮ್ಮದಾಯಿತು.

ಬೆಂಗಳೂರಾಗ ಅದೀನಿ

ಧಾರವಾಡದವನು, ಈಗ ಒಂಬತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ‘ತಿಂಡಿ’ಯ ಕಥೆ ಎಲ್ಲರಿಗೂ ಗೊತ್ತಿದೆ ಎಂದು ಬಿಡುವುದು ಬೇಡ, ಏಕೆಂದರೆ ಅದು ನನ್ನ ತಾಯಿಗೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವ್ವ ಮೊದಲ ಸಲ ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮಹಿಳೆ ಬಾಗಿಲಲ್ಲಿ ನಿಂತು ಬಹಳ ಅಕ್ಕರೆಯಿಂದ ‘ತಿಂಡಿ ಆಯ್ತಾ ಅಮ್ಮ?’ ಎಂದು ವಿಚಾರಿಸಿದರು. ಅವ್ವ ಉತ್ತರ ಕೊಡದೆ ಎಡಗೈಯ ಮೊಣಕೈವರೆಗೆ ಸೀರೆಯ ಸೆರಗು ಸರಿಸಿ ನೋಡಿಕೊಂಡಳು, ಆಮೇಲೆ ಬಲಗೈ. ಎಲ್ಲಿಯೂ ಗಂಧೆಯಿರಲಿಲ್ಲ. ‘ಇಲ್ಲವಾ, ಎಣ್ಣಿ ಹಚ್ಚಿ ಮೈ ತೊಳಕೊಂಡೇನಿ’ ಎಂದು ತುಸು ನೊಂದ ದನಿಯಲ್ಲಿ ಹೇಳಿದಳು. ಆ ಮಹಿಳೆ ಎಣ್ಣೆಸ್ನಾನಕ್ಕೂ ಉಪ್ಪಿಟ್ಟಿಗೂ ಏನು ಸಂಬಂಧವೆಂದು ತಿಳಿಯದೆ ನನ್ನ ಮುಖ ನೋಡಿದರು.

ತಿಂಡಿ: ಬೆಂಗಳೂರಿನಲ್ಲಿ ಬೆಳಗಿನ ಉಪಾಹಾರ, ನಮ್ಮಲ್ಲಿ ಮೈ ತುರಿಕೆ. ‘ಏನಲೇ, ತಿಂಡಿ ಐತೇನು?’ ಎಂದು ಹುಬ್ಬಳ್ಳಿಯ ಬೀದಿಯಲ್ಲಿ ಯಾರಾದರೂ ಕೇಳಿದರೆ ತಟ್ಟೆ ಹಿಡಿದು ನಿಲ್ಲಬಾರದು. ಹೊಡೆತ ತಿನ್ನುವ ಆಸೆ ಇದೆಯೇ ಎಂದು ಅವನು ವಿಚಾರಿಸುತ್ತಿದ್ದಾನೆ.

ಚಲೋ: ಒಳ್ಳೆಯದು, ಚೆಂದ, ಆರೋಗ್ಯ, ಸಮ್ಮತಿ. ‘ಚೆಲುವು’ ಎಂಬುದರ ಮಗಳೆಂದು ನಾನು ನಂಬಿದ್ದೇನೆ. ಹಿಂದಿಯ ‘ಚಲೋ’ ಬೇರೆ, ಅದು ನಡೆಯಿರಿ ಎಂದು ಅವಸರಿಸುತ್ತದೆ. ಗೋಡೆಯ ಮೇಲೆ ‘ದಿಲ್ಲಿ ಚಲೋ’ ಎಂದು ಬರೆದಿದ್ದನ್ನು ನೋಡಿ ನಮ್ಮ ಅಜ್ಜ ‘ಇರಬಹುದು, ನಮ್ಮೂರೇನು ಕಡಿಮಿ?’ ಎಂದಿದ್ದರು.

ಇನ್ನು ಮೆಚ್ಚುಗೆಯ ಪದಗಳ ವಿಷಯದಲ್ಲಿ ಬೆಂಗಳೂರಿನ ಗೆಳೆಯರು ನಮ್ಮ ‘ಮಸ್ತ್’ ಕೇಳಿ ಅದು ಕನ್ನಡವಲ್ಲ ಎನ್ನುತ್ತಾರೆ, ತಾವು ‘ಸಖತ್’ ಎನ್ನುತ್ತಾರೆ. ಎರಡೂ ಪಾರಸಿ ಪದಗಳು. ಮಸ್ತ್ ಎಂದರೆ ಅಮಲೇರಿದ್ದು, ಸಖತ್ ಎಂದರೆ ಗಟ್ಟಿಯಾದದ್ದು. ಒಂದೇ ದೋಸೆಯನ್ನು ಅವರು ಗಟ್ಟಿಯೆಂದೂ ನಾವು ಅಮಲೇರಿದ್ದೆಂದೂ ಹೊಗಳಿ ಸಮನಾಗಿ ತೃಪ್ತರಾಗುತ್ತೇವೆ. ಯಾರೂ ಯಾರಿಗೂ ಶುದ್ಧಿಯ ಪಾಠ ಹೇಳುವ ಅಗತ್ಯವಿಲ್ಲ.

ಗದಗಿನ ಕರಡು

ಮೂವತ್ತೊಂದು ವರ್ಷ ಗದುಗಿನಲ್ಲಿ ಕರಡು ತಿದ್ದಿದವನು ನಾನು. ನನ್ನ ಕೆಲಸ ಏನಾಗಿತ್ತು ಎಂದರೆ, ಲೇಖಕ ‘ಖರೆ’ ಎಂದು ಬರೆದಲ್ಲಿ ‘ನಿಜ’ ಎಂದೂ ‘ತ್ರಾಸ’ ಎಂದು ಬರೆದಲ್ಲಿ ‘ತೊಂದರೆ’ ಎಂದೂ ಕೆಂಪು ಶಾಯಿಯಲ್ಲಿ ಹಾಕುವುದು. ಒಂದು ಮುದ್ರಣಾಲಯದಲ್ಲಿ ಇದಕ್ಕೆಂದೇ ಗೋಡೆಗೆ ಪಟ್ಟಿ ಅಂಟಿಸಿದ್ದರು. ಒಬ್ಬ ರೈತ ತನ್ನ ಬದುಕಿನ ಬಗ್ಗೆ ಬರೆದ ಹಸ್ತಪ್ರತಿಯಲ್ಲಿ ‘ಮಳಿ ಹೋತು, ಭಾಳ ತ್ರಾಸ ಆತು’ ಎಂಬ ಸಾಲಿತ್ತು. ‘ಮಳೆ ಬಾರದ ಕಾರಣ ಬಹಳ ತೊಂದರೆಯಾಯಿತು’ ಎಂದು ನಾನು ತಿದ್ದಿದೆ. ಪುಸ್ತಕ ಬಂದ ಮೇಲೆ ಆತ ಅದನ್ನು ಓದಿ, ‘ಸಾಹೇಬರ, ಇದನ್ನ ಯಾರ ಬರದಾರ್ರಿ?’ ಎಂದು ಕೇಳಿದ. ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ತ್ರಾಸ: ಸಂಸ್ಕೃತದಲ್ಲಿ ಭಯ. ನಮ್ಮಲ್ಲಿ ಭಯವನ್ನು ದಾಟಿದ ಮೇಲೆ ಉಳಿಯುವ ದಣಿವು. ಹಲ್ಲುನೋವು, ಮಗಳ ಮದುವೆಯ ಖರ್ಚು, ಕೈಕೊಟ್ಟ ಮುಂಗಾರು, ಸಮಯಕ್ಕೆ ಬಾರದ ಅಳಿಯ ಎಲ್ಲಕ್ಕೂ ಒಂದೇ ಪದ.

ಆದರೂ ಕರಡಿನವನ ಒಂದು ಹಟವನ್ನು ನೀವು ಸಹಿಸಬೇಕು. ಆಡುಮಾತಿಗೂ ಕಾಗುಣಿತವಿದೆ. ‘ಬಹಳ’ ಕುಗ್ಗಿ ‘ಭಾಳ’ ಆಗಿದೆ. ಒಳಗಿನ ‘ಹ’ಕಾರ ಮೊದಲ ಅಕ್ಷರಕ್ಕೆ ಏರಿ ಕುಳಿತಿದೆ. ಅದನ್ನು ‘ಬಾಳ’ ಎಂದು ಬರೆದರೆ ‘ಬಾಳ ಸುಖ’ ಎಂಬುದು ಜೀವನದ ಸುಖವಾಗಿಬಿಡುತ್ತದೆ. ಮೊಬೈಲಿನಲ್ಲಿ ಬರೆಯುವ ತರುಣರು ಇದನ್ನು ದಯವಿಟ್ಟು ಗಮನಿಸಬೇಕು.

ಜನತಾ ಬಜಾರ್

ನನ್ನದು ಒಂದೇ ಅಕ್ಷರದ ಪದ: ಬೇ.

ಮೊನ್ನೆ ಸಂಜೆ ಪಲ್ಲೆ ಕೊಳ್ಳಲು ಹೋದಾಗ ಒಬ್ಬ ತರುಣ ಮೋಟರ್ ಸೈಕಲ್ ಮೇಲೆ ಹಿಂದೆ ಕುಳಿತೇ, ಒಂದು ಕಾಲು ನೆಲಕ್ಕೂರಿ, ಗೋಣಿತಟ್ಟಿನ ಮೇಲೆ ಮೆಂತೆಯ ಸೂಡು ಹರಡಿಕೊಂಡಿದ್ದ ಮುದುಕಿಯನ್ನು ‘ಎಷ್ಟಬೇ ಯವ್ವಾ?’ ಎಂದು ಕೇಳಿದ. ದನಿ ಬೆಣ್ಣೆಯ ಹಾಗಿತ್ತು. ಆಕೆ ನೀರು ಚಿಮುಕಿಸುತ್ತಿದ್ದ ಕೈ ನಿಲ್ಲಿಸಿ ‘ಇಪ್ಪತ್ತಕ್ಕ ಎರಡು ತಗೋ ಮಗನ’ ಎಂದಳು. ಅಷ್ಟರಲ್ಲಿ ಹಿಂದಿನಿಂದ ಆಟೋದವನೊಬ್ಬ ಹಾರ್ನ್ ಹೊಡೆದ. ಈ ಹುಡುಗ ಮುಂದೆ ಕುಳಿತ ಗೆಳೆಯನ ಬೆನ್ನಿಗೆ ಗುದ್ದಿ ‘ಗಾಡಿ ಬಾಜೂಕ ತಗಿ ಬೇ’ ಎಂದ. ಅದೇ ಬಾಯಿ, ಅದೇ ಅಕ್ಷರ, ನಡುವೆ ಐದು ಸೆಕೆಂಡು. ಮೊದಲನೆಯ ‘ಬೇ’ ಹೆತ್ತವ್ವನಿಗೂ ಅಜ್ಜಿಗೂ ವಯಸ್ಸಾದ ಯಾವ ಹೆಣ್ಣಿಗೂ ಸಲ್ಲುವ ನಮ್ಮ ಕನ್ನಡದ ‘ಬೇ’. ಎರಡನೆಯದು ಹಿಂದಿ–ಉರ್ದುವಿನ ‘ಅಬೇ’ಯ ಬಾಲ, ಗೆಳೆಯರಿಗೆ ಮಾತ್ರ ಸಲ್ಲುತ್ತದೆ.

ಹೊರಗಿನಿಂದ ಬಂದವರು ಒಬ್ಬ ಮಗ ತಾಯಿಗೆ ‘ಉಣ್ಣಾಕ ಬಾ ಬೇ’ ಎಂದದ್ದನ್ನು ಕೇಳಿ ಗಾಬರಿಯಾಗುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ತಾಯಿ ನಗುತ್ತಿದ್ದಾಳೆಯೇ ನೋಡಿ. ಕನ್ನಡದ ‘ಬೇ’ ಕೇಳಿದ ಯಾವ ತಾಯಿಯೂ ಮುಖ ಗಂಟಿಕ್ಕಿದ್ದನ್ನು ನಾನು ಕಂಡಿಲ್ಲ.

ಕೊಬ್ಬರಿ ಹೋರಿ

ಹಾವೇರಿ ಕಡೆಯಿಂದ ಎರಡು ಪದ.

ಫ್ಯಾನ್: ಇದರ ಬೇರು ಲ್ಯಾಟಿನ್ ಭಾಷೆಯಲ್ಲಿ ದೇವಸ್ಥಾನ ಎಂಬ ಅರ್ಥದ ಪದದಲ್ಲಿದೆ ಎಂದು ಓದಿದಾಗ ನನಗೆ ರೋಮಾಂಚನವಾಯಿತು, ಏಕೆಂದರೆ ಡಾ. ರಾಜಕುಮಾರ್ ಅವರು ಆ ಬೇರಿನ ಗೊಡವೆಯಿಲ್ಲದೆಯೇ ‘ಅಭಿಮಾನಿ ದೇವರುಗಳೇ’ ಎಂದು ಕರೆದರು. ಗುಡಿಗೆ ಬರುವವನನ್ನೇ ಗುಡಿಯೊಳಗೆ ಕೂಡಿಸಿದ ಮಾತು ಅದು. ಇಂದು ತೆರೆಯ ನಾಯಕನನ್ನು ‘ಬಾಸ್’ ಎನ್ನುತ್ತಾರೆ; ಡಚ್ ಭಾಷೆಯಲ್ಲಿ ಯಜಮಾನ ಎಂಬ ಅರ್ಥದಿಂದ ಬಂದ ಪದ. ದೇವರಾಗಿದ್ದ ಅಭಿಮಾನಿ ಆಳಾಗಲು ಯಾಕೆ ಒಪ್ಪಿದ ಎಂಬುದು ನನ್ನ ನಿಜವಾದ ಸಂಕಟ.

ನಮ್ಮಲ್ಲಿ ಫ್ಯಾನ್ ಎಂಬುದಕ್ಕೆ ಮತ್ತೊಂದು ಅರ್ಥವಿದೆ, ಅದನ್ನು ಯಾವ ನಿಘಂಟಿನಲ್ಲೂ ಕಾಣೆ. ದೀಪಾವಳಿಯಿಂದ ಮುಂದೆ ಇಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಒಣಕೊಬ್ಬರಿಯ ಸರ, ಬಲೂನು, ಜೂಲಗಳನ್ನು ತೊಟ್ಟ ಹೋರಿ ಜನರ ನಡುವೆ ಓಡುತ್ತದೆ, ಕೊಬ್ಬರಿ ಹರಿಯಲು ತರುಣರು ಮುಗಿಬೀಳುತ್ತಾರೆ. ಪ್ರತಿ ಹೋರಿಗೂ ಹೆಸರಿದೆ, ಬ್ಯಾನರ್ ಇದೆ, ಅದರ ಚಿತ್ರವಿರುವ ಅಂಗಿ ತೊಟ್ಟ ಫ್ಯಾನ್‌ಗಳಿದ್ದಾರೆ. ನಾನು ಅಂಥ ಒಬ್ಬ ಫ್ಯಾನ್. ನನ್ನ ನಾಯಕ ಹಿಂಡಿ ತಿನ್ನುತ್ತಾನೆ, ಸಂದರ್ಶನ ಕೊಡುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ.

ಹೌದು ಹುಲಿಯಾ: 2019ರ ಉಪಚುನಾವಣೆಯ ಸಮಯದಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡ ಕ್ಷೇತ್ರದ ಸಭೆಯಲ್ಲಿ ಸಿದ್ದರಾಮಯ್ಯನವರು ಮಾತನಾಡುತ್ತಿದ್ದಾಗ ಸಭಿಕನೊಬ್ಬನ ಬಾಯಿಂದ ಬಂದ ಉದ್ಗಾರ. ನಾಡೆಲ್ಲ ಅದನ್ನು ನಗೆಗೆ ಬಳಸಿತು. ನಮಗೆ ಅದರಲ್ಲಿ ನಗುವಂಥದ್ದು ಕಾಣಲಿಲ್ಲ. ಬಸವರಾಜನನ್ನು ಬಸ್ಯಾ, ಈರಣ್ಣನನ್ನು ಈರ್ಯಾ ಎಂದು ಕರೆಯುವ ಸಲಿಗೆಯೇ ಆ ‘ಯಾ’ದಲ್ಲೂ ನನಗೆ ಕೇಳಿಸುತ್ತದೆ. ಅಂದು ಮಾಜಿ ಮುಖ್ಯಮಂತ್ರಿಯಾಗಿದ್ದವರನ್ನು ಹೆದರದೆ, ಹಲ್ಲು ಗಿಂಜದೆ, ಮನೆಯ ಮಗನ ಹಾಗೆ ಹೊಗಳಲು ಸಾಧ್ಯವಿರುವ ಭಾಷೆ ನಮ್ಮದು.

ಮಾಳಮಡ್ಡಿ ಕೇಳುಗ

ಅಡ್ಡಿಯಿಲ್ಲ: ಬೇರೆಡೆ ಅನುಮತಿ, ಧಾರವಾಡದಲ್ಲಿ ಪ್ರಶಸ್ತಿ. ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಬಸವರಾಜ ರಾಜಗುರುಗಳನ್ನೂ ಎದುರಿಗೆ ಕೂತು ಕೇಳಿದ ಊರು ಸುಲಭವಾಗಿ ಬಾಯಿ ಬಿಡುವುದಿಲ್ಲ. ತರುಣ ಗಾಯಕ ಎರಡು ಗಂಟೆ ಹಾಡಿ ಬೆವರೊರೆಸಿಕೊಳ್ಳುವಾಗ ಮೊದಲ ಸಾಲಿನ ಹಿರಿಯರು ಶಾಲು ಸರಿಪಡಿಸಿಕೊಂಡು ‘ಅಡ್ಡಿಯಿಲ್ಲ’ ಎಂದರೆ ಆತ ಮನೆಗೆ ಹೋಗಿ ಗುರುಗಳಿಗೆ ಫೋನ್ ಮಾಡಬಹುದು. ‘ಭಾರಿ ಹಾಡಿದಿ’ ಎಂದರೆ ಅದು ಪ್ರೋತ್ಸಾಹ. ‘ಸೂಪರ್’ ಎಂದರೆ ಆ ಮನುಷ್ಯ ಕೇಳಿಲ್ಲ.

ವಿದ್ಯಾನಗರ ಹಾಸ್ಟೆಲ್

ಹಿರಿಯರೇ, ಮೊಬೈಲಿನ ಪದಗಳನ್ನು ನನಗೆ ಬಿಡಿ.

ರೀಲು: ‘ರೀಲು ಬಿಡುವುದು’ ಎಂದರೆ ಸುಳ್ಳು ಹೊಸೆಯುವುದು ಎಂಬ ಅರ್ಥದಲ್ಲಿ ನನ್ನ ಅಪ್ಪ ಕಾಲೇಜಿನ ದಿನಗಳಲ್ಲಿಯೇ ಆಡುತ್ತಿದ್ದರಂತೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಅದೇ ವರ್ಷ ಇನ್‌ಸ್ಟಾಗ್ರಾಮ್ ರೀಲ್ಸ್ ಬಂದಾಗ ಇಡೀ ದೇಶ ಒಂದು ಹೊಸ ಪದ ಕಲಿಯಿತು. ನಾವು ಹಳೆಯ ಪದದ ಪಕ್ಕದಲ್ಲಿ ಒಂದು ಸೊನ್ನೆ ಬಂಡವಾಳದ ಉದ್ಯೋಗವನ್ನು ಸೇರಿಸಿಕೊಂಡೆವು. ‘ಅಂವಾ ರೀಲ್ಸ್ ಮಾಡ್ತಾನ’ ಎಂದು ಹುಡುಗಿಯ ಮನೆಯವರಿಗೆ ಹೇಳಿದರೆ ಎರಡೂ ಅರ್ಥಗಳು ಒಟ್ಟಿಗೆ ತಲುಪುತ್ತವೆ.

ಮೀಮ್: ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1976ರಲ್ಲಿ ಕಟ್ಟಿದ ಪದ. ಒಂದು ತಲೆಯಿಂದ ಇನ್ನೊಂದು ತಲೆಗೆ ಅನುಕರಣೆಯಿಂದ ಹರಡುವ ಸಂಗತಿಗೆ ಅವರು ಇಟ್ಟ ಹೆಸರು. ನಮ್ಮ ಓಣಿಯ ಕಟ್ಟೆ ಈ ಕೆಲಸವನ್ನು ಚಿತ್ರವಿಲ್ಲದೆ ಮಾಡುತ್ತ ಬಂದಿದೆ.

ವೈರಲ್: ನನ್ನ ಅಜ್ಜಿಗೆ ಇಂದಿಗೂ ಜ್ವರ. ‘ಆ ಹುಡುಗನ ವಿಡಿಯೋ ವೈರಲ್ ಆಗೇದ’ ಎಂದರೆ ‘ಪಾಪ, ಗಂಜಿ ಕುಡಸ್ರಿ’ ಎನ್ನುತ್ತಾಳೆ.

ಸಪ್ತಾಪುರದ ಅಕ್ಕ

ಎಲ್ಲವನ್ನೂ ಸಂತೋಷದಿಂದ ಓದಿದೆ. ‘ಬೇ’ಯ ವಿವರ ಓದುವಾಗ ನನ್ನ ಅವ್ವನ ದನಿ ಕಿವಿಯಲ್ಲಿ ಬಂದಂತಾಯಿತು. ಆದರೆ ಮೊದಲ ಬರಹದ ‘ಲೇ: ಪ್ರೀತಿಯ ಸಂಬೋಧನೆ’ ಎಂಬುದನ್ನು ನಾನು ಒಪ್ಪಲಾರೆ.

ನಮ್ಮ ತಂದೆ ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಬೇರೆಯವರ ಹೊಲದಲ್ಲಿ ಜೀತವಲ್ಲದಿದ್ದರೂ ಜೀತದಂಥ ದುಡಿಮೆ ಮಾಡಿದವರು. ಹೊಲದ ಒಡೆಯರ ಮಗ, ನನಗಿಂತ ಎರಡು ವರ್ಷ ಚಿಕ್ಕವನು, ಅಪ್ಪನನ್ನು ‘ಲೇ’ ಎಂದು ಕರೆಯುತ್ತಿದ್ದ. ಅಪ್ಪ ಆ ಹುಡುಗನಿಗೆ ‘ಬಂದೆರಿ’ ಎನ್ನುತ್ತಿದ್ದರು. ಆ ‘ಲೇ’ಯಲ್ಲಿ ಕೂಗಾಟವಿರಲಿಲ್ಲ, ಸಿಟ್ಟೂ ಇರಲಿಲ್ಲ, ಬಹಳ ಮೆತ್ತಗಿನ ದನಿಯಲ್ಲೇ ಆಡುತ್ತಿದ್ದ. ಆದ್ದರಿಂದ ದನಿಯನ್ನು ಕೇಳಿ ಅರ್ಥ ಬರೆಯಬಹುದು ಎಂಬ ನಿಮ್ಮ ನಂಬಿಕೆ ಅರ್ಧ ಮಾತ್ರ ಸರಿ. ಇಬ್ಬರ ನಡುವಿನ ಲೆಕ್ಕವನ್ನೂ ನೋಡಬೇಕು. ಮನೆಯೊಳಗೆ ಬಂದರೆ, ಗಂಡ ಹೆಂಡತಿಗೆ ‘ಲೇ’ ಎನ್ನುತ್ತಾನೆ, ಹೆಂಡತಿ ಗಂಡನಿಗೆ ‘ರೀ’ ಎನ್ನುತ್ತಾಳೆ. ಅಲ್ಲಿಯೂ ಪ್ರೀತಿಯಿದೆ, ಇಲ್ಲವೆಂದು ನಾನು ಹೇಳುವುದಿಲ್ಲ, ಆದರೆ ಪ್ರೀತಿ ಎಂಬ ಒಂದೇ ಪದದಿಂದ ಆ ಏಣಿಯನ್ನು ಮುಚ್ಚಬಾರದು.

ನಮ್ಮ ಊರಿನ ಮಾತು ಇಷ್ಟು ಸೂಕ್ಷ್ಮವಾದದ್ದು. ‘ಇದೆ’ ಎಂಬುದಕ್ಕೆ ‘ಐತಿ’ ಎನ್ನುತ್ತಾಳೋ ‘ಅದ’ ಎನ್ನುತ್ತಾಳೋ ಎಂಬುದರ ಮೇಲೆ ಜಾತಿ ಊಹಿಸಿ ನನ್ನನ್ನು ಕೆಲವರು ಒಳಮನೆಗೆ ಕರೆದಿದ್ದಾರೆ, ಕೆಲವರು ಕಟ್ಟೆಯ ಮೇಲೆಯೇ ನೀರು ಕೊಟ್ಟು ಕಳುಹಿಸಿದ್ದಾರೆ. ನಿಘಂಟು ಬರೆಯುವುದಾದರೆ ಇದನ್ನೂ ಬರೆಯಿರಿ.

ನವನಗರ ದಾಟೇನಿ

ಅಕ್ಕಾರ, ನೀವು ಹೇಳಿದ್ದು ಖರೆ. ಇದರ ಮುಂದೆ ಕರಾರಿಲ್ಲ.

ಉಣಕಲ್ ದಂಡೆ

ಅಕ್ಕನವರ ಬರಹವನ್ನು ನಿನ್ನೆ ರಾತ್ರಿ ಮೂರು ಸಲ ಓದಿದೆ. ನಾನು ಬರೆದ ಅರ್ಥ ತಪ್ಪು. ನನಗೆ ‘ಲೇ’ ಎಂದವರೆಲ್ಲ ನಾನು ತಿರುಗಿ ‘ಲೇ’ ಎನ್ನಬಹುದಾದವರೇ ಆಗಿದ್ದರು, ಆದ್ದರಿಂದ ನನಗೆ ಒಂದೇ ಮುಖ ಕಂಡಿತು. ಇಂದು ತರಗತಿಯಲ್ಲಿ ಆ ಮೈಸೂರಿನ ಹುಡುಗನನ್ನು ಕೇಳಿದೆ: ‘ನಿನಗೆ ಇಲ್ಲಿ ಯಾರು ಯಾರು ಲೇ ಎನ್ನುತ್ತಾರೆ?’ ಅವನು ಏಳು ಹೆಸರು ಹೇಳಿದ. ‘ಅವರಲ್ಲಿ ಯಾರಿಗೆ ನೀನು ಲೇ ಎನ್ನುತ್ತೀ?’ ಎಂದೆ. ಬೆರಳು ಮಡಚಿ ಎಣಿಸಿ ಐದಕ್ಕೆ ನಿಂತ. ಉಳಿದ ಇಬ್ಬರ ಹೆಸರನ್ನು ಎರಡನೆಯ ಸಲ ಹೇಳಲಿಲ್ಲ, ನಾನೂ ಎಲ್ಲರ ಮುಂದೆ ಕೇಳಲಿಲ್ಲ. ನಾಳೆ ಅವನೊಂದಿಗೆ ಒಬ್ಬಂಟಿಯಾಗಿ ಮಾತನಾಡಬೇಕು. ತಿದ್ದಿದ ಅರ್ಥ ಇದು:

ಲೇ: ಸಂಬೋಧನೆ. ಕೇಳಿಸಿಕೊಂಡವನು ಅದೇ ಉಸಿರಿನಲ್ಲಿ ‘ಏನಲೇ?’ ಎಂದೋ, ತಾಯಿಗಾದರೆ ‘ಏನಬೇ?’ ಎಂದೋ ಮರಳಿಸಬಹುದಾದರೆ ಗೆಳೆತನ ಅಥವಾ ತಾಯಿಯ ಮಮತೆ. ಮರಳಿಸಲು ಬಾರದಿದ್ದರೆ, ಎಷ್ಟೇ ಮೆತ್ತಗೆ ಆಡಿದರೂ, ಹುಕುಂ. (ತಾಯಿಗೆ ಮರಳಿಸುವವರು ‘ಲೇ’ ಎನ್ನದೆ ‘ಬೇ’ ಎನ್ನಬೇಕು, ‘ಬೇ’ ನೋಡಿ.)

ಗದಗಿನ ಕರಡು

ಈವರೆಗಿನ ಎಲ್ಲ ಅರ್ಥಗಳನ್ನು ಒಂದೆಡೆ ನಕಲು ಮಾಡಿಕೊಂಡು ಕರಡು ನೋಡುತ್ತಿದ್ದೇನೆ. ಎರಡು ಸಂದೇಹಗಳಿವೆ. ‘ಬೇ’ ಒಂದೇ ನಮೂದೋ, ಬೇರು ಬೇರೆ ಬೇರೆಯಾದ್ದರಿಂದ ಎರಡು ನಮೂದೋ? ಎರಡು ಎಂದು ನನ್ನ ಅಭಿಪ್ರಾಯ, ತಾಯಿಯ ‘ಬೇ’ ಮೊದಲು ಬರಬೇಕು. ಎರಡನೆಯದು, ‘ಹುಚ್ಚಪ್ಯಾಲಿ’ ಮತ್ತು ‘ಮಂಗ್ಯಾ’ ಎಂಬ ಬೈಗುಳಗಳು ಇನ್ನೂ ಬಂದಿಲ್ಲ. ಯಾರಾದರೂ ಬರೆಯಿರಿ, ಬರೆಯುವಾಗ ಅಕ್ಕನವರ ಪರೀಕ್ಷೆಯಲ್ಲಿ ಹಾಯಿಸಿ ಬರೆಯಿರಿ. ‘ಪ್ಯಾಲಿ’ಯನ್ನು ಕೂಡಿಸಿ ಬರೆಯಬೇಕು, ಬಿಡಿಸಬಾರದು.